ನೆಲ ಗುಡಿಸುವ ಯಂತ್ರವೂ ನಮ್ಮ ಮಾವನೂ

ಕಸವನ್ನು ನಮ್ಮ ಮಾವನಷ್ಟು ಪ್ರೀತಿಸಿದ ಇನ್ನೊಬ್ಬ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ನೀವು ಕಂಡಿದ್ದರೆ ದಯವಿಟ್ಟು ನನಗೆ ತಿಳಿಸಬೇಡಿ, ಒಬ್ಬರು ಸಾಕು! ಲೋಕದವರೆಲ್ಲ ಕಸ ಕಂಡರೆ ಪೊರಕೆ ಹುಡುಕುತ್ತಾರೆ. ಮಾವ ಕನ್ನಡಕ ಹುಡುಕುತ್ತಿದ್ದರು.

ಅರವತ್ತರ ದಶಕದ ಕೊನೆಯ ಮಾತು. ನಾನು ಉಡುಪಿಯ ಕಡೆಯ ಹುಡುಗಿ, ಕಾಲೇಜು ಓದಲಿಕ್ಕೆಂದು ಬರೋಡಾಕ್ಕೆ ಹೋಗಿ ಮಾವನ ಮನೆಯಲ್ಲಿದ್ದೆ. ಮಾವ ಅಂದರೆ ನನ್ನ ಅಮ್ಮನ ಅಣ್ಣ, ಮಕರಪುರದ ಒಂದು ಕಾರ್ಖಾನೆಯಲ್ಲಿ ಮೋಟಾರುಗಳಿಗೆ ತಂತಿ ಸುತ್ತುವ ಕೆಲಸ. ಮನೆಯಲ್ಲಿ ಅವರು, ಅತ್ತೆ, ಅವರ ತಾಯಿ ಅಂದರೆ ನನ್ನ ಅಜ್ಜಿ, ಮತ್ತು ನಾನು. ಆ ಊರಿನ ಎಲ್ಲ ಮನೆಗಳ ಹಾಗೆ ನಮ್ಮ ಬಾಡಿಗೆ ಮನೆಯ ಪಡಸಾಲೆಯಲ್ಲೂ ಒಂದು ತೂಗುಮಣೆ ಇತ್ತು. ಬೆಳಿಗ್ಗೆ ಕಿಟಕಿಯ ಸರಳುಗಳ ನಡುವಿನಿಂದ ಬಿಸಿಲಿನ ಕೋಲು ಒಳಗೆ ಬೀಳುವ ಹೊತ್ತಿಗೆ ಮಾವ ಅದರ ಮೇಲೆ ಕೂತು, ಕಾಲಿನ ಹೆಬ್ಬೆರಳಲ್ಲಿ ನೆಲವನ್ನು ಮೆಲ್ಲಗೆ ಒತ್ತುತ್ತ, ಆ ಬಿಸಿಲಿನಲ್ಲಿ ತೇಲುವ ಧೂಳನ್ನು ನೋಡುತ್ತಿದ್ದರು. ಮುಂದೆ ಹೋದಾಗ ಒಂದಿಷ್ಟು ಧೂಳು, ಹಿಂದೆ ಬಂದಾಗ ಇನ್ನಷ್ಟು. ಕಾಫಿ ಆರಿ ಕೆನೆ ಕಟ್ಟುತ್ತಿತ್ತು.

"ನೋಡು ಮಗಾ," ಅನ್ನುತ್ತಿದ್ದರು. "ಇದಕ್ಕೆ ಕೆಳಗೆ ಬೀಳುವ ಮನಸ್ಸೇ ಇಲ್ಲ. ಬೇರೆ ಗತಿ ಇಲ್ಲದೆ ಬೀಳುವುದು. ಅದನ್ನು ಹೊಡೆದು ಬಡಿದು ಓಡಿಸಬಾರದು. ಮೆಲ್ಲ ಕರೀಬೇಕು. ಗಾಳಿಯಲ್ಲಿ ಬಂದದ್ದು ಗಾಳಿ ಕರೆದರೆ ಬಾರದೆ ಎಂತ?"

"ಮಾವ, ನಂಗೆ ಕಾಲೇಜಿಗೆ ಹೊತ್ತಾಯ್ತು," ಅನ್ನುತ್ತಿದ್ದೆ ನಾನು. ಕವಿಗೋಷ್ಠಿಗೆ ನಾನು ಎಂದೂ ತಕ್ಕ ಶ್ರೋತೃ ಅಲ್ಲ.

ಮಾವನಿಗೆ ನೆಲ ಗುಡಿಸುವ ಯಂತ್ರದ ಹುಚ್ಚು ಹಿಡಿದದ್ದು ಒಂದು ಚಿತ್ರದಿಂದ. ಕಾರ್ಖಾನೆಗೆ ಬರುತ್ತಿದ್ದ ಯಾವುದೋ ವಿದೇಶಿ ಪತ್ರಿಕೆಯಲ್ಲಿ ಒಬ್ಬಳು ದೊರೆಸಾನಿ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು, ಧೂಳು ಹೀರುವ ಯಂತ್ರದ ಕೊಳವೆ ಹಿಡಿದು, ನಗುತ್ತಾ ಮನೆಯ ನೆಲ ಶುಚಿ ಮಾಡುತ್ತಿದ್ದಳು. ಮಾವ ಆ ಹಾಳೆಯನ್ನು ಕೇಳಿ ತಂದು ಗೋಡೆಗೆ ಅಂಟಿಸಿದರು. ಅಜ್ಜಿ ಮುಖ ತಿರುಗಿಸಿದರು. ಅತ್ತೆ ಮಾತ್ರ ಹತ್ತಿರ ಹೋಗಿ ತುಂಬ ಹೊತ್ತು ನೋಡಿ, "ಇವಳು ನಿಂತುಕೊಂಡೇ ಮಾಡ್ತಾಳಲ್ಲ," ಅಂದರು.

ಅತ್ತೆ ಯಾಕೆ ಹಾಗಂದರು ಅಂತ ಹೇಳಬೇಕಾದರೆ ನಮ್ಮ ಮನೆಯ ಊಟದ ಕ್ರಮ ಹೇಳಬೇಕು. ಮೊದಲು ಮಾವ ನೆಲದ ಮೇಲೆ ಮುತ್ತುಗದ ಎಲೆ ಹಾಕಿಕೊಂಡು ಉಣ್ಣುವುದು. ಮಧ್ಯಾಹ್ನ ಅದಕ್ಕಾಗಿಯೇ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದರು. ಎಲೆ ತೆಗೆದ ಮೇಲೆ ಆ ಜಾಗದ ಎಂಜಲು ಬಳಿದು, ಗೋಮಯ ಹಚ್ಚಿ, ಕೈಯಿಂದ ಒರೆಸಿ ಶುದ್ಧ ಮಾಡಬೇಕು. ಆಮೇಲೆ ಅಜ್ಜಿ ಕೂರುವುದು. ಅಜ್ಜಿ ಎದ್ದ ಮೇಲೆ ಮತ್ತೆ ಗೋಮಯ. ಆಮೇಲೆ ನಾವು. ಇದನ್ನು ಸ್ನಾನ ಮಾಡಿದ ಮನೆಯವರೇ ಮಾಡಬೇಕು, ಕೆಲಸದ ಹೆಂಗಸು ಆ ಜಾಗ ಮುಟ್ಟುವ ಹಾಗಿಲ್ಲ. ಜಾಗ ಶುದ್ಧವಾಗಿಲ್ಲ ಅನ್ನಿಸಿದರೆ ಅಜ್ಜಿ ಜಗಳ ಆಡುತ್ತಿರಲಿಲ್ಲ. ಊಟ ಬೇಡ ಅಂತ ಒಳಗೆ ಹೋಗಿ ಮಲಗುತ್ತಿದ್ದರು, ಅಷ್ಟೇ! ಅದರ ಮುಂದೆ ಜಗಳ ಎಷ್ಟೋ ಮೇಲು. ರಾತ್ರಿಯ ಊಟದ್ದನ್ನು ನಾನು ಮಾಡುತ್ತಿದ್ದೆ. ಮಧ್ಯಾಹ್ನ ನಾನು ಕಾಲೇಜಿನಲ್ಲಿ, ಅತ್ತೆಗೆ ಬೇರೆ ಗತಿ ಇಲ್ಲ. ಅವರ ಎರಡು ಮೊಣಕಾಲೂ ಊದಿ ಮಡಚಲಿಕ್ಕೆ ಬಾರದ ಹಾಗೆ ಆಗಿದ್ದವು. ಕೂರುವಾಗ ಗೋಡೆ ಹಿಡಿಯುತ್ತಿದ್ದರು, ಏಳುವಾಗ ದೇವರನ್ನು ಹಿಡಿಯುತ್ತಿದ್ದರು.

ಮಾವನ ಆಸೆ ಇಷ್ಟೇ. ಅತ್ತೆ ಆ ಚಿತ್ರದವಳ ಹಾಗೆ ನಿಂತುಕೊಂಡೇ ನೆಲ ಶುದ್ಧ ಮಾಡಬೇಕು, ಅಜ್ಜಿ ಅದನ್ನು ಒಪ್ಪಿ ಊಟಕ್ಕೆ ಕೂರಬೇಕು. ಕೇಳಲಿಕ್ಕೆ ಸಣ್ಣ ಆಸೆ. ಇದಕ್ಕಾಗಿ ಅವರು ಗುಜರಾತಿನ ಮೂರು ಊರುಗಳನ್ನು ಗೋಳಾಡಿಸಿದರು!

ಯಂತ್ರದ ಹೊಟ್ಟೆಯನ್ನು ಹಳೆಯ ಎಣ್ಣೆ ಡಬ್ಬದಿಂದ ಮಾಡಿದ್ದರು. ಕಾರ್ಖಾನೆಯಲ್ಲಿ ತಿರಸ್ಕರಿಸಿದ ಮೋಟಾರು, ತಗಡು ಕತ್ತರಿಸಿ ಮಾಡಿದ ಪಂಖ, ತೋಟಕ್ಕೆ ನೀರು ಬಿಡುವ ರಬ್ಬರ್ ಪೈಪು. ಧೂಳು ಹಿಡಿಯುವ ಚೀಲಕ್ಕೆ ಅತ್ತೆಯ ಹಳೆಯ ಲಂಗ. ಕೆಳಗೆ ಮಕ್ಕಳ ಸೈಕಲ್ಲಿನ ಮೂರು ಚಕ್ರ. ಸ್ವಿಚ್ಚು ಹಾಕಿದ ಕೂಡಲೇ ಮನೆಯ ಪಾತ್ರೆಗಳೆಲ್ಲ ತಾವೇ ಮಾತಾಡತೊಡಗಿದವು. ಐದು ನಿಮಿಷದಲ್ಲಿ ಮಹಡಿಯಲ್ಲಿದ್ದ ಮನೆ ಮಾಲೀಕರ ಹೆಂಡತಿ ಮೆಟ್ಟಿಲಿಳಿದು ಬಂದರು, ಕಂಕುಳಲ್ಲಿ ಗೋಧಿ ತುಂಬಿದ ಡಬ್ಬ. ನಾವು ಹಿಟ್ಟಿನ ಗಿರಣಿ ಶುರು ಮಾಡಿದ್ದೇವೆ ಅಂದುಕೊಂಡಿದ್ದರು ಪಾಪ. ಇದು ಗಿರಣಿಯಲ್ಲ, ನೆಲ ಗುಡಿಸುವುದು ಅಂತ ಮಾವ ಹಿಂದಿಯಲ್ಲಿ ವಿವರಿಸಿದರು. ಆಕೆ ಯಂತ್ರವನ್ನು ನೋಡಿದರು, ಮಾವನನ್ನು ನೋಡಿದರು, ಅತ್ತೆಯನ್ನು ಕನಿಕರದಿಂದ ನೋಡಿದರು. ಆಮೇಲೆ ತಮ್ಮ ಗೋಧಿ ತೆಗೆದುಕೊಂಡು ಹೋದರು.

ದೊಡ್ಡ ಜಾಗದಲ್ಲಿ ಪರೀಕ್ಷೆ ಮಾಡದೆ ಇದರ ಶಕ್ತಿ ತಿಳಿಯುವುದಿಲ್ಲ ಅಂತ ಮಾವನಿಗೆ ಅನ್ನಿಸಿತು. ಅವರ ಊರಿನ ಗೆಳೆಯರೊಬ್ಬರು ಅಹಮದಾಬಾದಿನಲ್ಲಿ, ಬಟ್ಟೆ ಗಿರಣಿಗಳ ಹತ್ತಿರ ಇಡ್ಲಿ ದೋಸೆಯ ಹೋಟೆಲು ಇಟ್ಟಿದ್ದರು. ಒಂದು ರಜೆಯ ದಿನ ಯಂತ್ರವನ್ನೂ ನನ್ನನ್ನೂ ರೈಲಿಗೆ ಹತ್ತಿಸಿದರು. ಎದುರು ಕೂತವನೊಬ್ಬ ಇದೆಂಥ ಡಬ್ಬ ಅಂತ ಕೇಳಿದಾಗ, ಗಾಳಿಯನ್ನು ಒಳಗೆ ಎಳೆಯುವ ಯಂತ್ರ ಅಂದರು ಮಾವ. ಆ ಮನುಷ್ಯ ಪಕ್ಕಕ್ಕೆ ತಿರುಗಿ ನೋಡಿ, "ಕಿಟಕಿ ತೆಗೆದೇ ಇದೆಯಲ್ಲ," ಅಂದ.

ಗಿರಣಿಯಿಂದ ಬರುವ ಕೆಲಸಗಾರರ ತಲೆ, ಹುಬ್ಬು, ಹೆಗಲ ಮೇಲೆಲ್ಲ ಹತ್ತಿಯ ನವಿರು ಕೂತಿರುತ್ತದೆ. ಅವರು ತಿಂಡಿ ತಿಂದು ಎದ್ದು ಹೋದ ಮೇಲೆ ಅದೆಲ್ಲ ಹೋಟೆಲಿನ ಬೆಂಚುಗಳ ಕೆಳಗೆ ಬೆಳ್ಳಗೆ ಉಳಿಯುತ್ತದೆ. ಯಂತ್ರ ಅದನ್ನು ಎಷ್ಟು ಚೆಂದ ನುಂಗಿತು ಅಂತೀರಿ! ಗೆಳೆಯರು ಖುಷಿಯಾಗಿ ಇಬ್ಬರಿಗೂ ಮಸಾಲೆದೋಸೆ ಕೊಡಿಸಿದರು. ಅಲ್ಲಿಗೆ ನಿಲ್ಲಿಸಿದ್ದರೆ ಮಾವ ನಮ್ಮ ಮಾವನೇ ಅಲ್ಲ. ಪೈಪನ್ನು ಬಿಚ್ಚಿ, ಒರೆಸಿ, ತಿರುಗಿ ಜೋಡಿಸಿದರು. ಜೋಡಿಸಿದ್ದು ಗಾಳಿ ಹೊರಗೆ ಬರುವ ತೂತಿಗೆ. ಒಳಗೆ ಲಂಗ ಕಟ್ಟಿದ್ದ ದಾರ ಕಳಚಿತ್ತು. ಪಾಳಿ ಮುಗಿದು ಹೋಟೆಲು ತುಂಬಿದ ಹೊತ್ತಿಗೆ ಸರಿಯಾಗಿ ಸ್ವಿಚ್ಚು ಹಾಕಿದರು.

ಆ ದೃಶ್ಯವನ್ನು ನಾನು ಈಗಲೂ ಕಣ್ಣು ಮುಚ್ಚಿದರೆ ನೋಡಬಲ್ಲೆ. ಯಾರೂ ಕೂಗಲಿಲ್ಲ. ಇಡೀ ಹೋಟೆಲಿನಲ್ಲಿ ಹತ್ತಿಯ ನವಿರು ಮೇಲೆದ್ದು, ಪಂಖದ ಗಾಳಿಗೆ ಸುತ್ತಿ, ಬಾಗಿಲ ಬಿಸಿಲಿನಲ್ಲಿ ಹೊಳೆಯುತ್ತ, ಅವಸರವಿಲ್ಲದೆ ಇಳಿಯತೊಡಗಿತು. ನಲವತ್ತು ಜನ ತುತ್ತು ಕೈಯಲ್ಲಿ ಹಿಡಿದು ತಲೆಯೆತ್ತಿ ನೋಡುತ್ತಿದ್ದರು. ದಿನವಿಡೀ ಅದೇ ಹತ್ತಿಯೊಡನೆ ಹೊಡೆದಾಡಿ ಬಂದವರು ಅವರು, ಅದು ಇಷ್ಟು ಚೆಂದ ಅಂತ ನೋಡಲಿಕ್ಕೆ ಪುರುಸೊತ್ತು ಸಿಕ್ಕಿರಲಿಲ್ಲವೇನೋ. ನಡುವೆ ಮಾವ, ಕೈಯಲ್ಲಿ ಪೈಪು, ಮುಖದಲ್ಲಿ ನಿದ್ದೆಯಲ್ಲಿ ನಗುವ ಮಗುವಿನ ಹಾಗೆ ನಗು.

"ಮಾರಾಯ," ಅಂದರು ಗೆಳೆಯರು ಗಲ್ಲಾದಿಂದ, ತುಂಬ ಮೆಲ್ಲಗೆ, "ಸಾಂಬಾರಿನ ಪಾತ್ರೆಗೆ ಮುಚ್ಚಳ ಇಲ್ಲ."

ಮುಂದಿನ ಪ್ರಯಾಣ ಸೂರತ್ತಿಗೆ. ಅಲ್ಲಿ ಜರಿ ಎಳೆಯುವ ಒಂದು ಕಾರ್ಖಾನೆಗೆ ಮಾವನ ಕಾರ್ಖಾನೆಯಿಂದ ಮೋಟಾರು ಹೋಗುತ್ತಿತ್ತು, ಅದನ್ನು ರಿಪೇರಿ ಮಾಡುವ ನೆಪ. ಜೊತೆಗೆ ಡಬ್ಬ, ಜೊತೆಗೆ ನಾನು. ಮಾವ ಮೋಟಾರು ರಿಪೇರಿ ಮುಗಿಸಿ, ಅಲ್ಲಿನ ಮಾಲೀಕರಾದ ಸೇಠರು ಊಟಕ್ಕೆ ಹೋದ ಸಮಯ ನೋಡಿ, ಉಪಕಾರ ಮಾಡುವ ಉತ್ಸಾಹದಲ್ಲಿ ಇಡೀ ನೆಲವನ್ನು ಗುಡಿಸಿ ಕನ್ನಡಿಯ ಹಾಗೆ ಮಾಡಿಬಿಟ್ಟರು. ಸೇಠರು ಬಂದು ನೆಲ ನೋಡಿ ಎದೆ ಹಿಡಿದುಕೊಂಡರು.

"ನನ್ನ ಧೂಳು ಎಲ್ಲಿ?" ಅಂತ ಕೇಳಿದರು.

ಧೂಳು ಎಲ್ಲಿ ಅಂತ ಕೇಳುವ ಯಜಮಾನನನ್ನು ಎಲ್ಲಾದರೂ ಕಂಡಿದ್ದೀರಾ? ಆ ಕಾರ್ಖಾನೆಯ ಕಸದಲ್ಲಿ ಬೆಳ್ಳಿ ಇರುತ್ತದಂತೆ. ಅದನ್ನು ಗುಡಿಸಿ, ಗೋಣಿಯಲ್ಲಿ ಕಟ್ಟಿಟ್ಟು, ಧೂಳು ತೊಳೆದು ಬೆಳ್ಳಿ ತೆಗೆಯುವವರಿಗೆ ಮಾರುವುದು ಅಲ್ಲಿನ ಪದ್ಧತಿ. ಒಂದು ಬಿಳಿ ಬಟ್ಟೆ ಹಾಸಿ, ಅದರ ಮೇಲೆ ಲಂಗವನ್ನು ಕೊಡವಿಸಿದರು. ಪೈಪನ್ನು ಕೊಡವಿಸಿದರು. ಆಮೇಲೆ ಮಾವನನ್ನೇ ಬಟ್ಟೆಯ ಮೇಲೆ ನಿಲ್ಲಿಸಿ ಅಂಗಿ, ಪಂಚೆ, ತಲೆಗೂದಲು ಕೊಡವಿಸಿದರು. ಮಾವ ಮಾತ್ರ ತಮ್ಮ ತೋಳಿನ ರೋಮದ ಮೇಲೆ ಮಿನುಗುತ್ತಿದ್ದ ಹುಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ವಾಪಸು ರೈಲಿನಲ್ಲಿ, "ನಾನು ಹೇಳಿರಲಿಲ್ವಾ ಮಗಾ? ಧೂಳು ಅಂದರೆ ಸಾಮಾನ್ಯ ಅಲ್ಲ," ಅಂದರು. ನನಗೆ ಎರಡು ದಿನ ಅವಮಾನದಿಂದ ಊಟ ಸೇರಲಿಲ್ಲ.

ಆದರೆ ನಿಜ ಹೇಳಬೇಕು, ಯಂತ್ರ ದಿನದಿಂದ ದಿನಕ್ಕೆ ಸುಧಾರಿಸಿತು. ಸದ್ದು ತಗ್ಗಿತು. ಮುಂಭಾಗದಲ್ಲಿ ಒದ್ದೆ ಬಟ್ಟೆ ಸುತ್ತಿದ ಒಂದು ಉರುಳೆ ಬಂತು, ಅದರ ಮೇಲೆ ಗೋಮಯದ ನೀರು ತೊಟ್ಟಿಕ್ಕಲು ಒಂದು ನಳಿಗೆ. ಜಗತ್ತಿನಲ್ಲಿ ಗೋಮಯ ಹಚ್ಚುವ ಯಂತ್ರ ಅದೊಂದೇ ಇದ್ದಿರಬೇಕು! ನನಗೆ ಕಾಲೇಜಿಗೆ ರಜೆಯಿದ್ದ ಒಂದು ಮಧ್ಯಾಹ್ನ, ಮಾವ ಊಟ ಮುಗಿಸಿ ಎದ್ದ ಮೇಲೆ ಅತ್ತೆ ಬೆನ್ನು ನೆಟ್ಟಗೆ ಮಾಡಿ ನಿಂತುಕೊಂಡು, ಒಂದು ಅಗುಳೂ ಉಳಿಯದ ಹಾಗೆ ಆ ಜಾಗವನ್ನು ಶುದ್ಧ ಮಾಡಿದರು. ಅಜ್ಜಿ ಬಗ್ಗಿ ನೋಡಿದರು. ತಪ್ಪು ಸಿಗಲಿಲ್ಲ.

"ನೆಲ ಆಯ್ತು," ಅಂದರು ಮಗನಿಗೆ. "ಈಗ ಈ ಡಬ್ಬ ಎಂಜಲು ತಿಂತಲ್ಲ ಮಾಣಿ, ಇದನ್ನು ತೊಳೆಯುವುದು ಯಾರು?"

"ತೊಳೀಬಾರದು ಅಮ್ಮ. ಕರೆಂಟಿನದ್ದು."

"ಎಂಜಲು ತಿಂದು ಬಾಯಿ ಸಹ ತೊಳೀದೆ ಅಡುಗೆ ಮನೆ ಮೂಲೆಯಲ್ಲಿ ಕೂರುವುದಾ?"

ಮಾವ ನಕ್ಕು ಕಾರ್ಖಾನೆಗೆ ಹೋದರು. ನಗಬಾರದಿತ್ತು. ಅಜ್ಜಿಗೆ ಆ ಯಂತ್ರದ ಮೇಲೆ ದ್ವೇಷವೇನೂ ಇರಲಿಲ್ಲ, ಇಷ್ಟು ಕೆಲಸ ಮಾಡಿದ ಪ್ರಾಣಿಯನ್ನು ಮೈಲಿಗೆಯಲ್ಲಿ ಕೂರಿಸುವುದು ಹೇಗೆ ಅನ್ನುವ ಮರುಕ, ಅಷ್ಟೇ. ಅತ್ತೆಯೂ ನಾನೂ ಮಲಗಿದ್ದಾಗ ಅದನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ನಾಲ್ಕು ಕೊಡ ನೀರು ಹೊಯ್ದರು. ಸೀಗೆಪುಡಿ ಹಾಕಿ ಉಜ್ಜಿದರು. ಒರೆಸಿ, ಆಯುಧಪೂಜೆಗೆ ಹಚ್ಚುವ ಹಾಗೆ ಅರಿಸಿನ ಕುಂಕುಮ ಹಚ್ಚಿ, ಇದ್ದ ಮೂಲೆಯಲ್ಲೇ ಇಟ್ಟರು. ಸಂಜೆ ಮಾವ ಬಂದು ಸ್ವಿಚ್ಚು ಹಾಕಿದಾಗ ಅದು ಒಮ್ಮೆ ನಿಟ್ಟುಸಿರು ಬಿಟ್ಟಿತು. ನೀಲಿ ಹೊಗೆ ಎದ್ದಿತು.

"ಕುಂಕುಮ ಹಚ್ಚಿದ್ದು ಹೌದು," ಅಂದರು ಅಜ್ಜಿ. "ಧೂಪ ಹಾಕಿದ್ದು ನಾನಲ್ಲ."

ಮಾವ ಸುಟ್ಟ ಮೋಟಾರನ್ನು ತೊಡೆಯ ಮೇಲಿಟ್ಟುಕೊಂಡು ತೂಗುಮಣೆಯಲ್ಲಿ ಕೂತರು. "ತಪ್ಪು ನಂದೇ," ಅಂದರು. "ಸ್ನಾನ ಮಾಡುವ ಯಂತ್ರ ಮಾಡಬೇಕಿತ್ತು." ನಾನು ಬಿದ್ದು ಬಿದ್ದು ನಕ್ಕೆ. ಅತ್ತೆಯೂ ನಕ್ಕರು. ಮರುದಿನ ಮಧ್ಯಾಹ್ನ ಮತ್ತೆ ಗೋಡೆ ಹಿಡಿದು ನೆಲಕ್ಕೆ ಕೂತರು.

ಹದಿನೈದು ದಿನ ಕಳೆದಿರಬಹುದು. ಗೋಮಯ ಹಚ್ಚಲು ಕೂತ ಅತ್ತೆಗೆ ಏಳಲಿಕ್ಕೆ ಆಗಲಿಲ್ಲ. ಮಾವ ಉಂಡು ಸೈಕಲ್ ಹತ್ತಿ ಹೋಗಿ ಆಗಿತ್ತು. ಅಜ್ಜಿಗೆ ಎತ್ತುವ ಶಕ್ತಿ ಇಲ್ಲ. ಮಾಲೀಕರ ಹೆಂಡತಿ ಬಂದು ಎಬ್ಬಿಸುವ ತನಕ ಅತ್ತೆ ಅಲ್ಲೇ, ಒದ್ದೆ ನೆಲದ ಮೇಲೆ ಕೂತಿದ್ದರಂತೆ. ಡಾಕ್ಟರು ಬಂದು, ಇನ್ನು ಮುಂದೆ ನೆಲಕ್ಕೆ ಕೂರಲೇಬಾರದು ಅಂದುಬಿಟ್ಟರು. ಮಾವ ಹೊಸ ಮೋಟಾರು ತರಲಿಲ್ಲ. ಗೋಡೆಯ ಚಿತ್ರವನ್ನೂ ತೆಗೆದರು. ನನಗೆ ಭಯವಾಯಿತು, ಸುಮ್ಮನಿರುವ ಮಾವನನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮರುದಿನ ನಾನು ಕಾಲೇಜಿಗೆ ಹೋಗಲಿಲ್ಲ, ಅತ್ತೆಯ ಕೆಲಸ ನಾನು ಮಾಡುವುದು ಅಂತ ಲೆಕ್ಕ. ಮಾವನ ಊಟ ಮುಗಿಯಿತು. ನಾನು ಸೆರಗು ಸಿಕ್ಕಿಸಿಕೊಂಡು ಬರುವಷ್ಟರಲ್ಲಿ ಅವರು ಕಾರ್ಖಾನೆಗೆ ಹೊರಡದೆ, ಅಂಗಿ ಕಳಚಿಟ್ಟು, ತಮ್ಮ ಎಲೆಯನ್ನು ತಾವೇ ತೆಗೆದು, ಗೋಮಯದ ಪಾತ್ರೆ ಹಿಡಿದು ನೆಲಕ್ಕೆ ಕೂತಿದ್ದರು. ನಮ್ಮ ಕುಲದಲ್ಲಿ ಒಬ್ಬ ಗಂಡಸು ಎಂಜಲು ಬಳಿದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ, ಕೇಳಿರಲಿಲ್ಲ.

"ಬಿಡಿ ಮಾವ, ನಾನು ಮಾಡ್ತೇನೆ."

"ನೀನು ಇವತ್ತು ಮಾಡ್ತಿ. ನಾಳೆ ನಿನಗೆ ಕಾಲೇಜು ಉಂಟಲ್ಲ." ಆಮೇಲೆ ಅತ್ತೆಯ ಕಡೆ ತಿರುಗಿದರು. "ಹೇಗೆ ಮಾಡುವುದು, ಹೇಳು."

ಅತ್ತೆ ಬಾಗಿಲ ದಾರಂದ ಹಿಡಿದು ನಿಂತಿದ್ದರು. "ಆಚೆಯಿಂದ ಶುರು ಮಾಡಿ. ಹಿಂದೆ ಹಿಂದೆ ಬನ್ನಿ. ಒರೆಸಿದ ಕಡೆ ಕಾಲಿಡಬೇಡಿ."

ಮಾವ ಒರೆಸಿದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಅರ್ಧಕ್ಕೆ ಬಂದಾಗ ಮೊಣಕಾಲು ನೋವಿಗೆ ನಿಲ್ಲಿಸಿ, ಒಂದು ಕೈ ನೆಲಕ್ಕೆ ಊರಿ, "ಇಷ್ಟು ವರ್ಷ ದಿನಾ ನೀನು..." ಅಂದರು. ಅತ್ತೆಯ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ನನಗೂ ತಡೆಯಲಾಗಲಿಲ್ಲ. ಇಷ್ಟು ದಿನ ಆ ಮನುಷ್ಯನನ್ನು ನೋಡಿ ನಕ್ಕದ್ದಕ್ಕೆ ನಾಚಿಕೆಯಾಯಿತು.

ಅಷ್ಟರಲ್ಲಿ ಅಜ್ಜಿ ಬಂದರು. ಮಗ ನೆಲದ ಮೇಲೆ, ಸೊಸೆ ನಿಂತದ್ದು, ಎಲ್ಲ ನೋಡಿದರು. ಅವರು ಊಟ ಬೇಡ ಅಂತ ಒಳಗೆ ತಿರುಗಿದರೆ ಮುಗಿಯಿತು, ಅತ್ತೆ ಡಾಕ್ಟರ ಮಾತು ಮರೆತು ಮತ್ತೆ ನೆಲಕ್ಕೆ ಕೂರುತ್ತಾರೆ. ಅಜ್ಜಿ ಒದ್ದೆ ನೆಲದ ಮೇಲೆ ಬೆರಳಾಡಿಸಿ ನೋಡಿದರು. ಗೋಡೆಗೆ ಒರಗಿಸಿಟ್ಟ ಎಲೆಗಳಲ್ಲಿ ಒಂದನ್ನು ತೆಗೆದು, ಮಗ ಶುದ್ಧ ಮಾಡಿದ ಜಾಗದಲ್ಲಿ ಹಾಕಿಕೊಂಡು ಕೂತರು.

ಅತ್ತೆ ಕಣ್ಣೊರೆಸಿಕೊಂಡು ಅನ್ನದ ಪಾತ್ರೆಯ ಕಡೆ ಕುಂಟುತ್ತ ಹೊರಟರು.

"ನೀನೇ ಕೈ ತೊಳೆದು ಬಂದು ಬಡಿಸು ಮಾಣಿ," ಅಂದರು ಅಜ್ಜಿ, ಎಲೆಯಿಂದ ತಲೆ ಎತ್ತದೆ. "ಅವಳು ಸ್ವಲ್ಪ ಕುರ್ಚಿಯಲ್ಲಿ ಕೂತ್ಕೊಳ್ಳಲಿ."