ನಾಲ್ಕು ಗಂಟೆಗೆ ಕಳಿಸಿದ ಮಾತು

ಸೈಲಸ್ ಬ್ರೂಕರ್‌ಗೆ ದೇವರು ಬಾಯಿ ಕೊಟ್ಟಿದ್ದು ಊಟಕ್ಕೆ ಮಾತ್ರ. ಲಂಡನ್ನಿನ ಬಟ್ಟೆ ಅಂಗಡಿಯಲ್ಲಿ ರಿಬ್ಬನ್ ಅಳೆಯುವ ಈ ಪುಕ್ಕಲ, ಹಿಂದಿನ ಬೀದಿಯ ಹ್ಯಾರಿಯೆಟ್‌ಳನ್ನು ಮದುವೆಯಾಗುವ ಆಸೆಯಿಂದ ಎರಡು ವರ್ಷ ಒದ್ದಾಡಿದ. ಕೇಳಲಿಲ್ಲ. ಈಗ ನೋಡಿದರೆ ಪೋಸ್ಟ್‌ಮ್ಯಾನ್ ಒಬ್ಬ ನಾಳೆಯೇ ಅವಳನ್ನು ಕೇಳುವವನಿದ್ದ.

"ಬಾಯಿ ಯಾಕಯ್ಯಾ ಬೇಕು? ಟೆಲಿಪಥಿ ಬಂದಿದೆಯಲ್ಲ," ಎಂದ ಜೊತೆಗಾರ ಗ್ರಿಗ್ಸ್, ಪತ್ರಿಕೆ ಮಡಿಸುತ್ತ.

"ಅದೇನು, ಕಾಯಿಲೆಯಾ?"

"ಹೊಸ ಪದ. ಹೋದ ವರ್ಷ ಯಾರೋ ಪಂಡಿತರು ಎರಡು ಗ್ರೀಕ್ ತುಂಡು ಸೇರಿಸಿ ಹೊಲಿದಿದ್ದಾರೆ. ಟೆಲಿ ಅಂದ್ರೆ ದೂರ. ಪಥಿ ಅಂದ್ರೆ ಮನಸ್ಸಿಗೆ ತಟ್ಟೋದು. ಇಲ್ಲಿ ನೆನೆಸ್ಕೊಂಡ್ರೆ ಅಲ್ಲಿ ತಟ್ಟುತ್ತೆ. ಪ್ರೀತಿ ನಿಜವಾಗಿದ್ರೆ ಮಾತ್ರ."

ಸರಿಯಾಗಿ ನಾಲ್ಕು ಗಂಟೆಗೆ ಸೈಲಸ್ ಕಣ್ಣು ಮುಚ್ಚಿ, ಭಾರ ಹೊತ್ತ ಹಮಾಲಿಯಂತೆ ಮುಖ ಕೆಂಪಗೆ ಮಾಡಿಕೊಂಡು ಮಾತು ಕಳಿಸತೊಡಗಿದ. ಕೈ ತನ್ನಷ್ಟಕ್ಕೆ ಅಳೆಯುತ್ತಿತ್ತು. ಎದುರಿಗೆ ಹ್ಯಾರಿಯೆಟ್‌ಳ ಪಕ್ಕದ ಮನೆಯ ಮಿಸೆಸ್ ಟಿಬ್ಬಿಟ್. ಆಕೆ ಕೇಳಿದ್ದು ಬಿಳಿ ರಿಬ್ಬನ್, ಇವನು ಅಳೆದದ್ದು ಸಾವಿನ ಮನೆಯ ಕಪ್ಪು ಬಟ್ಟೆ, ಹತ್ತು ಗಜ.

"ಏನಪ್ಪಾ, ನಾನು ಮೊಮ್ಮಗೂಗೆ ನಾಮಕರಣ ಮಾಡ್ತಿರೋದು. ಮಣ್ಣು ಮಾಡ್ತಿಲ್ಲ."

"ನನ್ನ ಮದುವೆ ಆಗ್ತೀಯಾ?" ಒಳಗಿನ ಮಾತು ಜೋರಾಗಿಯೇ ಹೊರಬಿತ್ತು. "ಹೇಳು, ಹ್ಯಾರಿಯೆಟ್."

ಹೆಸರು ಬರುವಷ್ಟರಲ್ಲಿ ಮಿಸೆಸ್ ಟಿಬ್ಬಿಟ್‌ಳ ಕೊಡೆ ಅವನ ತಲೆಗೆ ಬಿದ್ದಾಗಿತ್ತು. ಹೆಸರು ಕೇಳಿದ್ದೇ ಆಕೆ ರಿಬ್ಬನ್ ಮರೆತು ಹ್ಯಾರಿಯೆಟ್‌ಳ ಮನೆಗೆ ಓಡಿದಳು. ಯಜಮಾನ ಸೈಲಸ್‌ನನ್ನು ಅಂಗಡಿಯಿಂದ ಆಚೆ ದಬ್ಬಿದ.

ಆರು ಗಂಟೆಗೆ ಊದಿದ ತಲೆಯೊಂದಿಗೆ ಅವನು ಹ್ಯಾರಿಯೆಟ್‌ಳ ಬಾಗಿಲು ಬಡಿದ.

"ನಾಲ್ಕು ಗಂಟೆಗೆ... ಏನಾದ್ರೂ ತಟ್ಟಿತಾ?"

"ತಟ್ಟಿತು." ಅವಳು ನಗು ತಡೆದುಕೊಂಡಳು. ಹಿಂದಿನ ಪರದೆ ಕೆಮ್ಮಿತು. ಅದರ ಕೆಳಗೆ ಮಿಸೆಸ್ ಟಿಬ್ಬಿಟ್‌ಳ ಬೂಟು ಕಾಣುತ್ತಿತ್ತು. "ನಾಲ್ಕೂವರೆಗೆ ಉತ್ತರಾನೂ ಅದೇ ದಾರೀಲಿ ಕಳಿಸಿದೆ. ಮುಟ್ಟಲಿಲ್ವಾ?"

ನಾಲ್ಕೂವರೆಗೆ ಅವನು ತಲೆಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿದ್ದ. ಆದರೆ ಮುಟ್ಟಲಿಲ್ಲ ಎಂದರೆ ಪ್ರೀತಿಯೇ ಸುಳ್ಳೆಂದು ಒಪ್ಪಿದಂತೆ.

"ಮುಟ್ಟಿತು. ಅಕ್ಷರ ಅಕ್ಷರಾನೂ."

"ಹಾಗಾದ್ರೆ ನನ್ನ ಮೂರು ಷರತ್ತಿಗೂ ಒಪ್ಪಿಗೇನಾ?"

"ಮೂರಕ್ಕೂ."

ಹ್ಯಾರಿಯೆಟ್ ಅವನ ಕೈ ಹಿಡಿದುಕೊಂಡಳು. ಸೈಲಸ್ ಹಿಗ್ಗಿ ಹೀರೇಕಾಯಿಯಾದ.

ಆಗ ಮೆಟ್ಟಿಲ ಮೇಲಿಂದ ಧಡಧಡ ಟ್ರಂಕು ಇಳಿಯಿತು. ಹಿಂದೆ ಅವಳ ತಾಯಿ, ಕೈಯಲ್ಲಿ ಪಂಜರ.

"ಅಳಿಯಂದ್ರೇ, ನನಗೆ ಯಾವ ಕೋಣೆಯಾದ್ರೂ ಸರಿ. ಗಿಳಿಗೆ ಮಾತ್ರ ಕಿಟಕಿ ಪಕ್ಕ ಆಗ್ಬೇಕು. ಅಲ್ಲಿಗೆ ಎರಡು ಷರತ್ತು ತೀರಿತು."

ಮೂರನೆಯದು ಏನೆಂದು ಕೇಳಲು ಸೈಲಸ್ ಬಾಯಿ ತೆರೆದ. ಎಂದಿನಂತೆ ಮಾತು ಬರಲಿಲ್ಲ.