ಚಂದ್ರನ ಕುಳಿಯೂ ನನ್ನ ಭಾವಮೈದುನನೂ

ಹಾಸಿಗೆ ಮಾರುವವನಿಗೆ ಆಕಾಶದ ಬಗ್ಗೆ ಮಾತಾಡುವ ಅಧಿಕಾರವನ್ನು ಯಾರು ಕೊಟ್ಟರೋ ನನಗೆ ತಿಳಿಯದು. ನನ್ನ ಹೆಂಡತಿ ಎಲ್ಸಿರಾಳ ತಮ್ಮ ಬೌದಿಲಿಯೊಗೆ ಕಲಾಮಾ ಪಟ್ಟಣದಲ್ಲಿ ಹಾಸಿಗೆ ಅಂಗಡಿ. ನಾನಾದರೋ ಅತಕಾಮಾ ಮರುಭೂಮಿಯಲ್ಲಿ ಉಲ್ಕೆ ಬಿದ್ದು ಆದ ಕುಳಿಯನ್ನು ಪ್ರವಾಸಿಗರಿಗೆ ತೋರಿಸಿ ವಿವರಿಸುವ ಮಹಾನುಭಾವ. (ಮನೆಯಲ್ಲಿ ಇದಕ್ಕೆ ಡ್ರೈವರ್ ಕೆಲಸ ಎನ್ನುತ್ತಾರೆ.)

ಅಂದು ಅತ್ತೆ ಸುನಿಲ್ದಾ ಅವರ ಹುಟ್ಟುಹಬ್ಬ. ಕೇಕಿಗೆ ಮಂಜಾರ್ ಆಗಬೇಕಿತ್ತು. ಕಂಡೆನ್ಸ್ಡ್ ಮಿಲ್ಕಿನ ಡಬ್ಬವನ್ನು ತೆರೆಯದೆ ನೀರಲ್ಲಿಟ್ಟು ಗಂಟೆಗಟ್ಟಲೆ ಕುದಿಸಿದರೆ, ಒಳಗಿನ ಹಾಲು ಕಂದುಬಣ್ಣದ ಖೋವಾದಂತಾಗುತ್ತದೆ, ಅದೇ ಮಂಜಾರ್. ಪಾತ್ರೆ ಚಿಕ್ಕದು. ಎಲ್ಸಿರಾ ಡಬ್ಬವನ್ನು ಓರೆಯಾಗಿ ಒರಗಿಸಿಟ್ಟು, "ನೀರು ಆರದ ಹಾಗೆ ಹೊಯ್ತಾ ಇರಿ. ಇದೊಂದೇ ಕೆಲಸ ನಿಮಗೆ" ಎಂದಳು.

ಊಟದ ಕೋಣೆಯಲ್ಲಿ ಬೌದಿಲಿಯೊ ಉಪನ್ಯಾಸ ಶುರುಮಾಡಿದ್ದ.

"ಚಂದ್ರನ ಮೇಲಿನ ಕುಳಿಗಳು ಯಾಕೆ ದುಂಡಗಿವೆ ಗೊತ್ತಾ ಅಮ್ಮ? ಅಲ್ಲಿ ಕಲ್ಲುಗಳು ನೆಟ್ಟಗೇ ಬೀಳ್ತವೆ."

ಇಷ್ಟು ಹೇಳಿ ಸುಮ್ಮನಾಗಿದ್ದರೆ ಕ್ಷಮಿಸುತ್ತಿದ್ದೆ. ತಟ್ಟೆಗೆ ಮೈದಾ ಸುರಿದು ಅಕ್ರೋಟು ಎಸೆದು ತೋರಿಸಿದ. ನೆಟ್ಟಗೆ ಬಿಟ್ಟದ್ದು ದುಂಡು ಕುಳಿ ಮಾಡಿತು, ಓರೆಯಾಗಿ ಎಸೆದದ್ದು ಉದ್ದಕ್ಕೆ ಗೀರಿತು.

"ನನ್ನ ಮಗನ ತಲೆ ನೋಡಿ ಅಳಿಯಂದ್ರೇ" ಎಂದರು ಅತ್ತೆ.

ನೋಡಿದೆ. ಅದರೊಳಗೆ ಹತ್ತಿಯಲ್ಲದೆ ಬೇರೇನೂ ಕಾಣಲಿಲ್ಲ.

"ನಿನ್ನ ಅಕ್ರೋಟು ಅಕ್ರೋಟಿನ ವೇಗದಲ್ಲಿ ಬೀಳತ್ತಪ್ಪ" ಎಂದೆ. "ಉಲ್ಕೆ ಬರೋದು ಬಂದೂಕಿನ ಗುಂಡಿಗಿಂತ ಎಷ್ಟೋ ಪಟ್ಟು ಜೋರಾಗಿ. ಬಡಿದ ಕೂಡಲೇ ಸಿಡಿಯತ್ತೆ. ಸಿಡಿತ ಎಲ್ಲಾ ದಿಕ್ಕಿಗೂ ಸಮನಾಗಿ ತಳ್ಳತ್ತೆ, ಅದಕ್ಕೇ ದುಂಡು. ಓರೆಯಾಗಿ ಬಂದ್ರೂ ದುಂಡೇ. ತೀರಾ ನೆಲ ಸವರಿಕೊಂಡು ಬಂದ್ರೆ ಮಾತ್ರ ಉದ್ದ ಆಗೋದು."

"ಹೋಗ್ಲಿ ಬಿಡಿ ಭಾವ, ಪ್ರವಾಸಿಗರಿಗೆ ಹೇಳಿ ಅದನ್ನ" ಎಂದು ಅವನು ನಕ್ಕ. ಎಲ್ಸಿರಾಳೂ ನಕ್ಕಳು. ನನಗೆ ರೇಗಿತು. ಗುರುತ್ವ, ಆಘಾತ, ತರಂಗ ಎಂದು ನಾನು ಏರಿದ ದನಿಯಲ್ಲಿ ಶುರುಮಾಡಿದ್ದೇ ತಡ, ಅಡಿಗೆಮನೆಯಲ್ಲಿ ಢಂ ಎಂದಿತು.

ಓಡಿದೆವು. ಪಾತ್ರೆ ಒಣಗಿತ್ತು, ಡಬ್ಬ ಬಾಯಿ ಬಿಟ್ಟಿತ್ತು. ಚಾವಣಿಗೆ ಮೆತ್ತಿದ ಕಂದುಬಣ್ಣದ ದೊಡ್ಡ ವೃತ್ತ, ಅದರ ಸುತ್ತ ಕಿರಣಗಳಂತೆ ಸಿಡಿದ ಎಳೆಗಳು. ದೂರದರ್ಶಕದಲ್ಲಿ ನೋಡಿದ ಚಂದ್ರನೇ ಅಲ್ಲಿದ್ದ. ನನಗೆ ಆನಂದ ತಡೆಯಲಾಗಲಿಲ್ಲ.

"ನೋಡಿ, ಡಬ್ಬ ಓರೆಯಾಗಿತ್ತು, ಆದ್ರೂ ದುಂಡಗೇ ಸಿಡಿದಿದೆ. ಈಗೇನಂತೀಯೋ?"

ಬೌದಿಲಿಯೊ ತಲೆ ಎತ್ತಿ ಆ ವೃತ್ತವನ್ನು ನೋಡಿದ. ಎಲ್ಸಿರಾ ಮೆಲ್ಲಗೆ ಕೇಳಿದಳು: "ರೀ, ನೀರು ಹೊಯ್ಯೋದು ಮರೆತ್ರಾ, ಇಲ್ಲ ಇದನ್ನ ತೋರಿಸೋಕೆ ಬೇಕಂತಲೇ ಬಿಟ್ರಾ?"

ಮರೆತೆ ಎಂದರೆ ದಡ್ಡನಾಗುತ್ತೇನೆ, ಅದೂ ಅವನ ಎದುರಿಗೆ. "ಬೇಕಂತಲೇ" ಎಂದೆ, ಎದೆಯುಬ್ಬಿಸಿ.

"ಸರಿ, ನನ್ನ ತಮ್ಮ ಸೋತ. ಸೋತವನು ಕೂತ್ಕೊಳ್ಲಿ. ಗೆದ್ದವರು ಏಣಿ ತನ್ನಿ."

ಏಣಿಯ ತುದಿಯಲ್ಲಿ ನಿಂತು ಮಂಜಾರ್ ಕೆರೆಯುತ್ತಿದ್ದಾಗ ಕೆಳಗಿನಿಂದ ಬೌದಿಲಿಯೊನ ದನಿ ಕೇಳಿತು.

"ಅದು ಸಿಡಿತ ಅಮ್ಮ. ಎಲ್ಲಾ ದಿಕ್ಕಿಗೂ ಸಮನಾಗಿ ತಳ್ಳತ್ತೆ. ಅದಕ್ಕೇ ಕಲ್ಲು ಓರೆಯಾಗಿ ಬಂದ್ರೂ ಕುಳಿ ದುಂಡು."

"ಎಷ್ಟು ಚೆನ್ನಾಗಿ ಬಿಡಿಸಿ ಹೇಳ್ತಾನೆ ನನ್ನ ಮಗ" ಎಂದರು ಅತ್ತೆ, ಬರೀ ಕೇಕನ್ನು ಕತ್ತರಿಸುತ್ತ. "ಈಗಲಾದ್ರೂ ಅರ್ಥ ಆಯ್ತಾ ಅಳಿಯಂದ್ರೇ?"

"ಆಯ್ತು ಅತ್ತೆ" ಎಂದೆ.