ಗೋದಲಿಗೆ ಬಂದ ಚುಕ್ಕಿ

"ಈ ಸಲ ಕ್ರಿಸ್ಮಸ್ ನಾಟಕದಾಗೆ ಮರಿಯಮ್ಮ ನಾನೇ! ಯಾರು ಅಡ್ಡ ಬಂದ್ರೂ ಬಿಡಾಕಿಲ್ಲ!"

ಮುದ್ದೆ ತಿರುವುತ್ತಿದ್ದ ಕೋಲನ್ನೇ ರಾಜದಂಡದಂತೆ ಎತ್ತಿ ಹಿಡಿದು ಸುಮಲತ ಹೀಗೆ ಘೋಷಿಸಿದಾಗ, ಊಟಕ್ಕೆ ಕೂತಿದ್ದ ಗಂಡ ಗಿರಿ ಗೇಣುದ್ದ ಹಿಂದಕ್ಕೆ ಸರಿದ. ಮಾತಿಗೆ ಹೆದರಿಯಲ್ಲ, ಕೋಲಿಗೆ!

ಅವಳ ಛಲಕ್ಕೆ ಕಾರಣವಿತ್ತು. ಕ್ಯಾಸಂಬಳ್ಳಿ ಹತ್ತಿರದ ಆ ಊರಲ್ಲೇ ಹುಟ್ಟಿ, ಅದೇ ಊರಿಗೆ ಸೊಸೆಯಾಗಿ ಉಳಿದವಳು ಅವಳು. ಊರ ಕೊನೆಯ ನೀಲಗಿರಿ ತೋಪಿನ ಪಕ್ಕ ಶೀಟು ಹೊದಿಸಿದ ಪುಟ್ಟ ಚರ್ಚು. ಊರಿಗಾಂನಿಂದ ಬಸ್ಸು ಹತ್ತಿ ಬರುತ್ತಿದ್ದ ಅರುಳ್‌ಮೇರಿ ಟೀಚರ್ ಪ್ರತಿ ಡಿಸೆಂಬರಿನಲ್ಲೂ ಅಲ್ಲಿ ಮಕ್ಕಳಿಂದ ನಾಟಕ ಆಡಿಸುತ್ತಿದ್ದರು. ಊರಲ್ಲಿ ಕ್ರೈಸ್ತರ ಮನೆ ಬೆರಳೆಣಿಕೆಯಷ್ಟು. ನಾಟಕಕ್ಕೆ ಮಾತ್ರ ಎಲ್ಲ ಮನೆಯ ಮಕ್ಕಳೂ ಹಾಜರು! ಹಬ್ಬ ಟೀಚರದ್ದು, ಆಂಡರ್ಸನ್‌ಪೇಟೆ ಬೇಕರಿಯ ಕೇಕು ಎಲ್ಲರದ್ದು.

ಆದರೆ ಯೇಸುವಿನ ತಾಯಿ ಮರಿಯಮ್ಮನ ಪಾತ್ರ ಪ್ರತಿವರ್ಷವೂ ಉದ್ದ ಜಡೆಯ ಶ್ಯಾಮಲಳಿಗೆ. ಸುಮಲತಳಿಗೆ ಖಾಯಂ ಹುದ್ದೆ: ಕುರಿಮರಿ! ಗೋಣಿಚೀಲಕ್ಕೆ ಹತ್ತಿ ಅಂಟಿಸಿ ಹೊದಿಸುತ್ತಿದ್ದರು. ಹೊರಗೆ ಭಕ್ತಿ, ಒಳಗೆ ನವೆ! ಇಡೀ ನಾಟಕದಲ್ಲಿ ಅವಳ ಸಂಭಾಷಣೆ "ಮ್ಯಾ" ಒಂದೇ. ಒಂದು ವರ್ಷ ಉತ್ಸಾಹ ತಡೆಯಲಾರದೆ ದೇವದೂತನ ಮಾತಿನ ನಡುವೆಯೂ "ಮ್ಯಾ" ಅಂದುಬಿಟ್ಟಳು. ಪರದೆ ಹಿಂದಿನಿಂದ ಟೀಚರ್, "ಏಯ್ ಕುರೀ, ಸುಮ್ನಿರು!" ಎಂದು ಗದರಿದ್ದು ಊರಿಗೆಲ್ಲ ಕೇಳಿತ್ತು.

ಈ ವರ್ಷ ಟೀಚರ್, "ನನ್ನ ಹಳೇ ಮಕ್ಕಳೇ ನಾಟಕ ಆಡ್ಬೇಕು" ಎಂದು ಎಲ್ಲರಿಗೂ ಫೋನು ಮಾಡಿದರು. ಮಾಲೂರಿಗೆ ಮದುವೆಯಾಗಿ ಹೋದ ಶ್ಯಾಮಲ ಬರುವುದಿಲ್ಲವಂತೆ. ಸಿಂಹಾಸನ ಖಾಲಿ!

"ನೋಡ್ರೀ, ಕುರಿಮರೀಲಿ ಕುರಿ ಓಯ್ತು, ಅಮ್ಮ ಬಂತು. ಮರಿಯಮ್ಮ!"

"ಮರಿಯಮ್ಮನ ಗಂಡ ಯೋಸೇಫ ಯಾರು?" ಎಂದ ಗಿರಿ.

"ನೀವೇ. ಮಾತು ಕಮ್ಮಿ, ಹೆಂಡ್ತಿ ಹಿಂದೆ ನಡೆಯೋದು ಜಾಸ್ತಿ. ಅಭ್ಯಾಸ ಐತಲ್ಲ!"

ರಿಹರ್ಸಲ್ಲಿನ ದಿನ, ಬಾಲಯೇಸುವನ್ನು ಮಲಗಿಸುವ ಹುಲ್ಲಿನ ಗೋದಲಿಯ ಬಳಿ ನಿಲ್ಲಿಸುವ ಪ್ಲೈವುಡ್ ದನವನ್ನು ಹೊರಗೆಳೆದರೆ ಅದಕ್ಕೆ ಕಾಲಿಲ್ಲ, ಮೂತಿಯಿಲ್ಲ. ಗೋದಲಿಯ ದನ ಗೆದ್ದಲ ಪಾಲು!

"ಅಯ್ಯಯ್ಯೋ, ಈಗ ಏನ್ ಮಾಡೋದು ಸುಮಾ ಕಣ್ಣು?" ಎಂದರು ಟೀಚರ್, ತಮ್ಮ ತಮಿಳು ಮುದ್ದುಮಾತಿನಲ್ಲಿ.

"ಪ್ಲೈವುಡ್ ಯಾಕೆ ಟೀಚರ್? ನಮ್ಮ ಚುಕ್ಕಿ ಕರು ಹಾಕವ್ಳೆ. ಜೀವಂತ ಕರೂನೇ ತತ್ತೀನಿ!"

ಗಿರಿ ತಲೆ ಚಚ್ಚಿಕೊಂಡ. "ಕರು ಎತ್ಕೊಂಡು ಬಂದ್ರೆ ಚುಕ್ಕಿ ಸುಮ್ಕಿರ್ತಾಳೇನೇ?"

"ಒಂದು ಗಳಿಗೆ ಅಷ್ಟೇ. ನೀವು ಹಗ್ಗ ಗಟ್ಟಿಯಾಗಿ ಕಟ್ಟಿ, ಸಾಕು."

ಕ್ರಿಸ್ಮಸ್ ಸಂಜೆ ಚರ್ಚು ಕಿಕ್ಕಿರಿದಿತ್ತು. ಧಾರೆಯ ರೇಷ್ಮೆ ಸೀರೆಯುಟ್ಟು ಸುಮಲತ ವೇದಿಕೆಗೆ ಬಂದಳು. ಹಿಂದೆ ಹತ್ತಿಯ ಗಡ್ಡದ ಯೋಸೇಫ. ಟ್ರ್ಯಾಕ್ಟರ್ ಓಡಿಸುವ ವೆಂಕಿ ಛತ್ರದ ಯಜಮಾನನಾಗಿ, ರಟ್ಟಿನ ಬಾಗಿಲ ಮುಂದೆ ಮೀಸೆ ತಿರುವುತ್ತ ನಿಂತಿದ್ದ. ಗೋದಲಿಯ ಬಳಿ ಕಟ್ಟಿದ್ದ ಕರು ರೇಷ್ಮೆ ಸೆರಗನ್ನು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಇವಳು ಎಳೆದಳು, ಅದೂ ಎಳೆಯಿತು!

"ಅಯ್ಯಾ, ಬಹುದೂರದಿಂದ ಬಂದಿದ್ದೇವೆ. ಈ ಚಳಿಯಲ್ಲಿ ತಂಗಲು ಕೊಂಚ ಜಾಗ ಕೊಡಿ!"

"ಜಾಗವಿಲ್ಲ! ಹೊರಡಿ!" ಗುಡುಗಿದ ವೆಂಕಿ.

"ಅಂಬಾ!"

ಇದು ಕರುವಿನ ದನಿಯಲ್ಲ. ಎಲ್ಲರೂ ತಿರುಗಿ ನೋಡಿದರೆ ಚರ್ಚಿನ ಬಾಗಿಲಲ್ಲಿ ಸಾಕ್ಷಾತ್ ಚುಕ್ಕಿ!

"ಹಗ್ಗ ಕಟ್ಟಿದ್ರಾ ಇಲ್ವಾ?" ಸುಮಲತ ಹಲ್ಲು ಕಡಿದಳು.

"ನೋಡೇ, ಗಂಟು ಹಂಗೇ ಐತೆ. ಗೂಟಾನೇ ಕಿತ್ಕೊಂಡು ಬಂದವ್ಳೆ!" ಗಿರಿಯ ದನಿಯಲ್ಲಿ ಹೆಮ್ಮೆಯೂ ಇತ್ತು.

ಬಾಳೆಎಲೆ ಸೀಳಿದಂತೆ ಜನ ಎರಡಾದರು. ಚುಕ್ಕಿ ಗೂಟ ಎಳೆದುಕೊಂಡು ನಡುವೆ ನಡೆದುಬಂದು ವೇದಿಕೆ ಹತ್ತಿ, ರಟ್ಟಿನ ಬಾಗಿಲನ್ನು ಕೊಂಬಿನಲ್ಲಿ ಎತ್ತಿ ಬಿಸಾಡಿದಳು. ವೆಂಕಿ ಬೆಂಚಿನ ಮೇಲೆ ಹಾರಿ ಕೂಗಿಕೊಂಡ.

"ಐತೆ! ಜಾಗ ಐತೆ! ಎಲ್ಲಾ ರೂಮೂ ಖಾಲಿ ಐತೆ, ಬನ್ನೀ!"

ಟೀಚರ್ ಪರದೆ ಹಿಂದೆ ತಲೆಯ ಮೇಲೆ ಕೈಹೊತ್ತು ಕುಸಿದರು. ಛತ್ರದಲ್ಲಿ ಜಾಗ ಸಿಕ್ಕಿಬಿಟ್ಟರೆ ಯೇಸು ಹುಟ್ಟಬೇಕಾದ ಕೊಟ್ಟಿಗೆ ಎಲ್ಲಿ, ಗೋದಲಿ ಎಲ್ಲಿ? ಒಳಗೆ ಕೂಸಿಗೆ ಕೊಡಲು ಚಿನ್ನ, ಧೂಪ ಹಿಡಿದು ಕಾಯುತ್ತಿದ್ದ ಮೂವರು ಜ್ಞಾನಿಗಳು ಹೋಗುವುದೆಲ್ಲಿಗೆ? ಕ್ರಿಸ್ಮಸ್ಸೇ ಕೈತಪ್ಪಿ ಹೋಗುತ್ತಿದೆ!

ಸುಮಲತ ಬಾಯಿಪಾಠ ಮಾಡಿದ್ದರಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಕರುವಿನ ಬಾಯಿಂದ ಸೆರಗು ಕಿತ್ತುಕೊಂಡು ಸೊಂಟಕ್ಕೆ ಸಿಕ್ಕಿಸಿದಳು.

"ಬ್ಯಾಡ ಕಣಯ್ಯಾ! ಬಾಯಿಬಿಟ್ಟು ಕೇಳ್ದಾಗ ಇಲ್ಲ ಅಂದೋನು, ಕೊಂಬು ಕಂಡ್ಮೇಲೆ ಐತೆ ಅಂತೀಯ? ನಿನ್ನ ರೂಮು ನೀನೇ ಮಡಿಕ್ಕೋ. ನನ್ನ ಕಂದ ಕೊಟ್ಟಿಗೇಲೇ ಹುಟ್ಟಲಿ! ನಡೀರಿ!"

ಚಪ್ಪಾಳೆ, ಶಿಳ್ಳೆಗೆ ಶೀಟು ಗಡಗಡ ನಡುಗಿತು! ಸುಮಲತ ರಾಣಿಯಂತೆ ಚುಕ್ಕಿಯ ಹಗ್ಗ ಹಿಡಿದು ಗೋದಲಿಯತ್ತ ನಡೆದಳು. ಕರು ಕೆಚ್ಚಲಿಗೆ ಬಾಯಿ ಹಾಕಿತು. ಚುಕ್ಕಿ ಅದರ ಬೆನ್ನು ನೆಕ್ಕುತ್ತಲೇ ಗೋದಲಿಯ ಹುಲ್ಲಿಗೂ ಕತ್ತು ಚಾಚಿದಳು. ಬಾಲಯೇಸುವಿನ ಗೊಂಬೆಯನ್ನು ಸುಮಲತ ಸಮಯಕ್ಕೆ ಸರಿಯಾಗಿ ಎತ್ತಿ ಎದೆಗೊತ್ತಿಕೊಂಡಳು. ಮೇಣದ ಬತ್ತಿಯ ಬೆಳಕಿನಲ್ಲಿ ಇಬ್ಬರು ತಾಯಂದಿರು, ಎರಡು ಕೂಸು. ಕೇಕಿಗೆ ಗಲಾಟೆ ಮಾಡುತ್ತಿದ್ದ ಮಕ್ಕಳೂ ಅದನ್ನು ಮರೆತು ನೋಡಿದವು.

ನಾಟಕ ಮುಗಿದದ್ದೇ ಟೀಚರ್ ಓಡಿಬಂದು ತಬ್ಬಿಕೊಂಡರು. "ಇಂಥಾ ಮರಿಯಮ್ಮನ್ನ ನಾನು ನೋಡೇ ಇಲ್ಲ ಕಣ್ಣು!"

ಸುಮಲತಳ ಕಾಲು ನೆಲದ ಮೇಲಿರಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಅಮ್ಮಾಜಮ್ಮ ಎದ್ದು ಬಂದರು. ಹುಟ್ಟಿದಾಗಿನಿಂದ ಯಾರನ್ನೂ ಹೊಗಳಿಲ್ಲ ಎಂದು ಹೆಸರಾದ ಮುದುಕಿ! ಸುಮಲತಳ ಎರಡೂ ಕೈ ಹಿಡಿದು ಕಣ್ಣೊರೆಸಿಕೊಂಡರು.

"ಅಬ್ಬಬ್ಬಾ! ಅದೇನು ನಡಿಗೆ, ಅದೇನು ಗತ್ತು! ಕೂಸಿನ ಮ್ಯಾಲೆ ಅದೇನು ಪ್ರೀತಿ! ನೋಡ್ತಾ ನೋಡ್ತಾ ಅಳು ಬಂದ್ಬಿಡ್ತು ಕಣವ್ವಾ!"

"ಅಯ್ಯೋ, ಬಿಡಿ ಅಜ್ಜಿ..." ಎಂದು ಸುಮಲತ ನಾಚಿ ನೀರಾದಳು.

"ಅಂದಂಗೆ," ಎಂದು ಅಮ್ಮಾಜಮ್ಮ ದನಿ ತಗ್ಗಿಸಿದರು, "ಹೊತ್ತಿಗೆ ಎಷ್ಟು ಲೀಟರ್ ಕೊಡ್ತದೆ?"